ಸಹಾಯ ಬೇಕು: ಅಮೆರಿಕದ ಮಿಲಿಟರಿ ಅಂಗಡಿಗಳ ಲಾಭ ಮತ್ತೆ ಏರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಂಬಿಎ ಪ್ರಾಜೆಕ್ಟಿಗೆ ಅಮೆರಿಕದ ಸೇನಾ ನೆಲೆಗಳೊಳಗಿನ ಎಕ್ಸ್‌ಚೇಂಜ್ ಅಂಗಡಿಗಳನ್ನು (ಸೈನಿಕರು, ಅವರ ಕುಟುಂಬದವರು ಸರಕು ಕೊಳ್ಳುವ ಅಂಗಡಿಗಳು) ತೆಗೆದುಕೊಂಡಿದ್ದೇನೆ. ರೀಟೇಲ್‌ನಲ್ಲಿ ಪಳಗಿದವರು ಇದ್ದರೆ ಸ್ವಲ್ಪ ದಾರಿ ತೋರಿಸಿ.

1895ರಿಂದ ನಡೆದು ಬಂದಿರುವ ವ್ಯವಸ್ಥೆ ಇದು. ಇಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಲಾಭದಲ್ಲಿ ಒಂದು ಪಾಲು ಸೈನಿಕರ ಜಿಮ್, ಮನರಂಜನೆ, ಮಕ್ಕಳ ಚಟುವಟಿಕೆಗಳಿಗೇ ಹೋಗುತ್ತದೆ, ಹಾಗಾಗಿ ಲಾಭ ಇಳಿದರೆ ಏಟು ಬೀಳುವುದು ಬರೀ ಅಂಗಡಿಗಲ್ಲ. ಲಾಭ ಇಳಿಯಲು ಕಾರಣವೇನೋ ಗೊತ್ತಿರುವುದೇ. ತುಂಬಾ ಕುಟುಂಬಗಳು ನೆಲೆಯ ಹೊರಗೆ ವಾಸ ಮಾಡುತ್ತವೆ. ಒಂದು ಶಾಂಪೂ ಬಾಟಲಿಗೋಸ್ಕರ ಗೇಟಿನಲ್ಲಿ ಕಾರು ನಿಲ್ಲಿಸಿ ಐಡಿ ತೋರಿಸಿ ಒಳಗೆ ಹೋಗುವ ಬದಲು ಫೋನಿನಲ್ಲೇ ಆರ್ಡರ್ ಮಾಡಿಬಿಡುತ್ತಾರೆ, ಅಲ್ವಾ?

2017ರ ನವೆಂಬರ್‌ನಿಂದ ಗೌರವಯುತವಾಗಿ ಸೇವೆಯಿಂದ ಬಿಡುಗಡೆಯಾದ ಮಾಜಿ ಸೈನಿಕರಿಗೂ ಆನ್‌ಲೈನ್ ಖರೀದಿಗೆ ಅವಕಾಶ ಕೊಟ್ಟರು. ಗಿರಾಕಿಗಳು ಜಾಸ್ತಿ ಆದರು ಸರಿ, ಆದರೆ ಪಾರ್ಸೆಲ್ ಖರ್ಚು ಕಳೆದರೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ನನಗಂತೂ ಟಿವಿ, ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಕಂಪನಿಗಳ ಜೊತೆ ಗುದ್ದಾಡುವುದೇ ದಂಡ ಅನ್ನಿಸುತ್ತದೆ. ಕಟಿಂಗ್ ಶಾಪ್, ಊಟದ ಕೌಂಟರ್, ಯೂನಿಫಾರ್ಮ್, ಇವನ್ನು ಮನೆ ಬಾಗಿಲಿಗೆ ಕಳಿಸಲಾಗುವುದಿಲ್ಲ ಅಥವಾ ಬೇರೆ ಕಡೆ ಸುಲಭವಾಗಿ ಸಿಗುವುದಿಲ್ಲ. ಜಾಗ ಅವಕ್ಕೇ ಜಾಸ್ತಿ ಕೊಟ್ಟರೆ ಹೇಗೆ? ಹಾಗಂತ ಬೆಲೆ ಏರಿಸಿದರೆ ಜನ ಬರುವುದಾದರೂ ಯಾಕೆ?

ಯಾವ ಸರಕು ಎಷ್ಟು ಜಾಗ ತಿನ್ನುತ್ತದೆ, ಎಷ್ಟು ಲಾಭ ಕೊಡುತ್ತದೆ ಅಂತ ಲೆಕ್ಕ ಹಾಕುವ ವಿಧಾನ ಯಾರಾದರೂ ಬಿಡಿಸಿ ಹೇಳುತ್ತೀರಾ? ಸುಮ್ನೆ ‘ಆಫರ್ ಕೊಡಿ’ ಅನ್ನಬೇಡಿ, ಅದು ಗೈಡ್ ಆಗಲೇ ಹೇಳಿ ಆಗಿದೆ.