ಸಹಾಯ ಬೇಕು: ಬದನೆ ಸಸಿಗಳು ಬುಡದಲ್ಲೇ ಕೊಳೆತು ಬೀಳುತ್ತಿವೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಿಶಿಗನ್‌ನ ಡೆಟ್ರಾಯಿಟ್ ಹತ್ತಿರ. ಇಲ್ಲಿ ಮೇ ಮಧ್ಯದವರೆಗೂ ಫ್ರಾಸ್ಟ್ (ಎಳೆ ಗಿಡ ಸಾಯಿಸುವ ಹಿಮ) ಭಯ. ಹಾಗಾಗಿ ಟೊಮೆಟೊ, ಮೆಣಸಿನಕಾಯಿ, ಬದನೆ ಬೀಜಗಳನ್ನು ಮಾರ್ಚ್‌ನಲ್ಲೇ ಮನೆಯೊಳಗೆ ಟ್ರೇಯಲ್ಲಿ ಹಾಕಿದ್ದೇವೆ. ಟೊಮೆಟೊ ಚೆನ್ನಾಗಿ ಬಂದಿದೆ. ಮೆಣಸಿನಕಾಯಿ ಇನ್ನೂ ತಲೆ ಎತ್ತಿಲ್ಲ. ಅದು ಮೊಳೆಯಲು ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿರಬೇಕು, ನಮ್ಮ ಮನೆ ರಾತ್ರಿ 18ಕ್ಕೆ ಇಳಿಯುತ್ತದೆ. ಟ್ರೇ ಕೆಳಗಿಡುವ ಹೀಟ್ ಮ್ಯಾಟ್ ತಗೊಳ್ಳಲೇಬೇಕಾ, ಫ್ರಿಜ್ ಮೇಲೆ ಇಟ್ಟರೆ ಸಾಕಾ?

ಜಾಸ್ತಿ ತಲೆಬಿಸಿ ಬದನೆಯದು. ಸಸಿಗಳು ಕಿಟಕಿ ಕಡೆ ವಾಲಿಕೊಂಡು ದಾರದ ಹಾಗೆ ಉದ್ದವಾಗಿವೆ. ಕೆಲವದರ ಕಾಂಡ ಮಣ್ಣಿಗೆ ತಾಗುವ ಕಡೆ ನೀರುನೀರಾಗಿ, ಕಂದು ಬಣ್ಣಕ್ಕೆ ತಿರುಗಿ ಸಣ್ಣಗಾಗುತ್ತದೆ. ಬೆಳಿಗ್ಗೆ ನೋಡಿದರೆ ಮಲಗಿರುತ್ತವೆ. ಇದು ಸಸಿ ಸಾಯುವ ರೋಗವೇ ಅಲ್ವಾ? ಈಗ ನೀರನ್ನು ತಳದಿಂದ ಮಾತ್ರ ಕೊಡುತ್ತಿದ್ದೇವೆ, ಸಣ್ಣ ಫ್ಯಾನ್ ಕೂಡ ಇಟ್ಟಿದ್ದೇವೆ. ಉಳಿದ ಸಸಿಗಳನ್ನು ಹೊಸ ಮಣ್ಣಿಗೆ ಬದಲಾಯಿಸಬೇಕಾ, ಅಲುಗಾಡಿಸದೆ ಬಿಡಬೇಕಾ? ಎಲ್‌ಇಡಿ ದೀಪ ಎಷ್ಟು ಎತ್ತರದಲ್ಲಿರಬೇಕು, ದಿನಕ್ಕೆ ಎಷ್ಟು ಗಂಟೆ?

ಕೊತ್ತಂಬರಿ ಚಿಂತೆಯಿಲ್ಲ, ಅದು ಚಳಿ ತಡೆಯುತ್ತದೆ. ಏಪ್ರಿಲ್ ಕೊನೆಗೆ ನೇರ ಹೊರಗೇ ಹಾಕುತ್ತೇವೆ.

ದಯವಿಟ್ಟು ‘ಸುಮ್ನೆ ನರ್ಸರಿಯಿಂದ ಸಸಿ ತನ್ನಿ’ ಅನ್ನಬೇಡಿ. ಈ ಬದನೆ ಉಡುಪಿಯ ಮಟ್ಟು ಗುಳ್ಳ ತಳಿ, ಇಲ್ಲಿನ ನರ್ಸರಿಗಳಲ್ಲಿ ನಮಗೆ ಸಿಕ್ಕಿಲ್ಲ. ಚಳಿ ಊರಲ್ಲಿ ಗುಳ್ಳ ಬೆಳೆದವರಿದ್ದರೆ ಫೋಟೊ ಸಮೇತ ತಿಳಿಸಿ.