ಡಿಸ್ಟ್ರಕ್ಷನ್ ಬೇ ದಾಟೋ ಮುಂಚೆ

ಕಿಟ್ಟಿ: ನಾನು ಟ್ರೇಲರ್ ಎಳ್ಕೊಂಡು ಹೋಗೋ ಅಲಾಸ್ಕಾ ಹೆದ್ದಾರೀಲಿ, ಕೆನಡಾದ ಯೂಕಾನ್ ಕಡೆ, ಡಿಸ್ಟ್ರಕ್ಷನ್ ಬೇ ಅಂತ ಊರಿದೆಯಂತೆ. ಟ್ರೇಲರ್ ಎಳೆಯೋರಿಗೆ ಹೆಸರಲ್ಲೇ ನೋಟೀಸ್ ಕೊಟ್ಟಿದಾರೆ!

ವನಜ: ಅಲ್ಲಿಂದ ಬೀವರ್ ಕ್ರೀಕ್‌ವರೆಗೆ ನೆಲದಡಿ ಹೆಪ್ಪುಗಟ್ಟಿದ ಮಣ್ಣು. ಅದು ಕರಗಿದಲ್ಲಿ ರಸ್ತೆ ಕುಸಿಯುತ್ತೆ, ಹೆಪ್ಪಾದಲ್ಲಿ ಉಬ್ಬುತ್ತೆ. ಟ್ರೇಲರ್ ಕುಣೀತಾ ಹೋಗುತ್ತೆ, ಕೆಳಗೆ ಸ್ಪ್ರಿಂಗ್ ತುದಿ ಹಿಡಿದಿರೋ ಕಬ್ಬಿಣದ ಪಟ್ಟಿ, ಅದೇ ಶ್ಯಾಕಲ್, ಪ್ರಾಣ ಬಿಡುತ್ತೆ.

ಸುಬ್ಬು: ಶ್ಯಾಕಲ್ ಪಾಪದ್ದು. ಕಳ್ಳ ಅಂದ್ರೆ ಬೋಲ್ಟಿನ ಸುತ್ತ ಕೂರೋ ನೈಲಾನ್ ಕೊಳವೆ, ಬುಶ್. ಕೆಲವೇ ಸಾವಿರ ಮೈಲೀಲಿ ಸವೆದುಹೋಗಬಹುದು. ಆಮೇಲೆ ಬೋಲ್ಟು ಕಬ್ಬಿಣಾನೇ ತಿನ್ನುತ್ತೆ, ದುಂಡನೆ ತೂತು ಉದ್ದವಾಗುತ್ತೆ, ಶ್ಯಾಕಲ್ ತುದಿ ಹರಿಯುತ್ತೆ, ಎರಡು ಆಕ್ಸಲ್ ನಡುವೆ ಭಾರ ಹಂಚೋ ಈಕ್ವಲೈಸರ್ ಪಲ್ಟಿ!

ಕಿಟ್ಟಿ: ಗೊತ್ತಾಗೋದು ಹೇಗೆ?

ವನಜ: ಹಿಂದಿನ-ಮುಂದಿನ ಟೈರ್ ಮಧ್ಯದ ಸಂದನ್ನ ಎರಡೂ ಬದಿ ಅಳೆ. ಒಂದು ಕಡೆ ಕಿರಿದಾಗಿದ್ರೆ ಮುಂದಕ್ಕೆ ಹೋಗಬೇಡ. ಪೆಟ್ರೋಲ್ ಹಾಕಿಸಿದಾಗೆಲ್ಲ ಬಗ್ಗಿ ನೋಡು.

ಕಿಟ್ಟಿ: ಬಗ್ಗೋಕೆ ನನ್ನ ಸಸ್ಪೆನ್ಷನ್ನೇ ಸರಿಯಿಲ್ಲ. ಹೋಗ್ಲಿ, ಮುರೀತು ಅನ್ನು. ಆಕ್ಸಲ್ ಕೆಳಗೆ ಜಾಕ್ ಕೊಟ್ಟು...

ಸುಬ್ಬು: ಮುಗೀತು ಕಥೆ! ಆಕ್ಸಲ್ ಪೊಳ್ಳು ಕೊಳವೆ ಕಣೋ, ಬಗ್ಗುತ್ತೆ. ಆಮೇಲೆ ಟೈರ್ ಒಂದೇ ಅಂಚಲ್ಲಿ ಸವೆಯುತ್ತೆ. ಟ್ರೇಲರ್ ಟ್ರಕ್ಕಿಗೆ ತಗುಲಿಕೊಂಡೇ ಇರಲಿ, ಆಚೆ ಬದಿ ಚಕ್ರಗಳಿಗೆ ಹಿಂದೆ-ಮುಂದೆ ಅಡೆ ಕೊಡು, ವೀಲ್ ನಟ್ ನೆಲದ ಮೇಲಿದ್ದಾಗಲೇ ಸಡಿಲಿಸು. ಎತ್ತೋದು ಚಾಸಿಯಿಂದ, ಸ್ಪ್ರಿಂಗ್ ಚಾಸಿಗೆ ಸೇರೋ ಹ್ಯಾಂಗರ್ ಹತ್ತಿರ. ಎತ್ತಿದ್ದೇ ಸ್ಟ್ಯಾಂಡ್ ಇಡು. ಬರೀ ಜಾಕ್ ನಂಬಿ ಅಡಿಗೆ ನುಗ್ಗೋನು ವಿಮೆ ಏಜೆಂಟಿಗೆ ಮೊದಲೇ ಹೇಳಿರಬೇಕು.

ವನಜ: ಎರಡನೇ ಚಿಕ್ಕ ಜಾಕ್ ಆಕ್ಸಲ್ ಕೆಳಗೆ ಇಡಬಹುದು. ಭಾರ ಎತ್ತೋಕಲ್ಲ, ಆಕ್ಸಲ್ ಜೋತುಬೀಳದ ಹಾಗೆ ಹಿಡಿದು ತೂತುಗಳನ್ನ ಸಾಲಿಗೆ ತರೋಕೆ. ಬ್ರೇಕಿನ ವೈರ್ ಎಳೆದು ಕಿತ್ತೀಯ, ಹುಷಾರು.

ಸುಬ್ಬು: ಸಾಮಾನ್ಯವಾಗಿ ಶ್ಯಾಕಲ್ ಬೋಲ್ಟ್ 9/16 ಇಂಚು. ತಲೆ ಬುಡದಲ್ಲಿ ಹಲ್ಲುಗಳಿವೆ, ಅವು ತೂತನ್ನ ಕಚ್ಚಿರ್ತವೆ. ಅದಕ್ಕೇ ತಲೆ ಹಿಡಿದು ನಟ್ ಮಾತ್ರ ತಿರುಗಿಸು. ಹೊರಗೆ ಹೊಡೆಯೋವಾಗ ನಟ್ ತುದೀಲಿ ಇರಲಿ, ಇಲ್ಲದಿದ್ರೆ ಥ್ರೆಡ್ ಚಪ್ಪಟೆ. ಹೊಸ ಬೋಲ್ಟನ್ನ ಸುತ್ತಿಗೇಲಿ ಕೂರಿಸು, ಹೊಸ ಲಾಕ್ ನಟ್ ಹಾಕು.

ಕಿಟ್ಟಿ: ಆಮೇಲೆ ಶಕ್ತಿ ಇದ್ದಷ್ಟು ಬಿಗಿ!

ಸುಬ್ಬು: ನಿನ್ನ ಶಕ್ತಿ ಯಾರು ಕೇಳಿದ್ರು? ಶ್ಯಾಕಲ್ ನಟ್ಟಿಗೆ 30ರಿಂದ 50 ಫುಟ್-ಪೌಂಡ್ ಬಿಗಿತ. ಚಕ್ರ ಹಿಡಿಯೋ ಅರ್ಧ ಇಂಚಿನ ವೀಲ್ ಸ್ಟಡ್ ಆದ್ರೆ ನಕ್ಷತ್ರದ ಕ್ರಮದಲ್ಲಿ, ಅಂದ್ರೆ ಎದುರುಬದುರಾಗಿ, ಮೂರು ಹಂತದಲ್ಲಿ 90ರಿಂದ 120. ಆಮೇಲೆ 10, 25, 50 ಮೈಲಿಗೆ ಮತ್ತೆ ಪರೀಕ್ಷೆ.

ಕಿಟ್ಟಿ: ಸ್ಪ್ರಿಂಗ್ ಪ್ಲೇಟೇ ಮುರಿದ್ರೆ?

ವನಜ: ಡಿಸ್ಟ್ರಕ್ಷನ್ ಬೇಯಿಂದ ಬಿಡಿಭಾಗ ಸಿಗೋ ಪಟ್ಟಣ ವೈಟ್‌ಹಾರ್ಸ್ 250 ಕಿ.ಮೀ.ಗೂ ಹೆಚ್ಚು ದೂರ. ಅಂಗಡಿಯವನು ಕೇಳೋದು ನಿನ್ನ ಗೋಳನ್ನಲ್ಲ, ಅಳತೆ: ಸ್ಪ್ರಿಂಗ್ ತುದಿಯ ತೂತಿನ (ಕಣ್ಣಿನ) ಮಧ್ಯದಿಂದ ಇನ್ನೊಂದು ಕಣ್ಣಿನ ಮಧ್ಯಕ್ಕೆ ಉದ್ದ, ಅಗಲ, ಪ್ಲೇಟುಗಳ ಸಂಖ್ಯೆ, ಭಾರ. 3,500 ಪೌಂಡಿನ ಆಕ್ಸಲ್‌ಗೆ 1,750ರ ಎರಡು ಸ್ಪ್ರಿಂಗ್. ಜೊತೆಗೆ ಸ್ಪ್ರಿಂಗನ್ನ ಆಕ್ಸಲ್ಲಿಗೆ ಬಿಗಿಯೋ ಹೊಸ ಯು-ಬೋಲ್ಟ್. ಒಂದು ಸ್ಪ್ರಿಂಗ್, ನಾಲ್ಕೈದು ಬೋಲ್ಟು, ಬುಶ್ಶು, ಎರಡು ಶ್ಯಾಕಲ್ ಮನೆಯಿಂದಲೇ ತಗೊಂಡುಹೋಗು.

ಸುಬ್ಬು: ಹೊರಡೋ ಮುಂಚೆ ಕಂಚಿನ ಬುಶ್, ಗ್ರೀಸ್ ಬೋಲ್ಟ್ ಹಾಕಿಸಿದ್ರೆ ಇನ್ನೂ ವಾಸಿ. ಗ್ರೀಸ್ ಬರೋ ತೂತು ಪಕ್ಕಕ್ಕಿರಲಿ. ಭಾರ ಬೀಳೋ ಕಡೆ ಇದ್ರೆ ಗ್ರೀಸ್ ಒಳಗೇ ಹೋಗಲ್ಲ.

ಕಿಟ್ಟಿ: ಇಷ್ಟೆಲ್ಲ ಹೊತ್ತರೆ ನನ್ನ ಒರಳು, ರುಬ್ಬುಗುಂಡು ಎಲ್ಲಿಡಲಿ?

ವನಜ: ಮನೇಲಿ. ಸ್ಪ್ರಿಂಗ್ ಮುರಿಯೋಕೆ ರಸ್ತೇನೇ ಬೇಕಾಗಿಲ್ಲ, ಅತಿಭಾರ ಸಾಕು.

ಕಿಟ್ಟಿ: ಗುಂಡಾದ್ರೂ ಇರಲಿ, ಚಕ್ರಕ್ಕೆ ಅಡೆ ಕೊಡೋಕೆ.

ಸುಬ್ಬು: ದುಂಡಗಿರೋದು ಕಣೋ ಅದು! ಟ್ರೇಲರ್‌ಗಿಂತ ಮೊದಲು ಅದೇ ಬೀವರ್ ಕ್ರೀಕ್ ಸೇರುತ್ತೆ.