ಗರ್ಭಿಣಿಯರ ರಕ್ತಹೀನತೆ: ಮೂರು ವೆಬ್‌ಸೈಟು, ಮೂರು ಅಂಕಿ. ಪ್ರಾಜೆಕ್ಟಿಗೆ ಯಾವುದನ್ನು ನಂಬಲಿ?

ಪ್ರಶ್ನೆ (ನರ್ಸಿಂಗ್_ಅಂತಿಮವರ್ಷ)
ಎಲ್ಲರಿಗೂ ನಮಸ್ಕಾರ. ಕರ್ನಾಟಕದ ಗರ್ಭಿಣಿಯರ ರಕ್ತಹೀನತೆ ನನ್ನ ಪ್ರಾಜೆಕ್ಟಿನ ವಿಷಯ. ಒಂದು ಸೈಟಲ್ಲಿ ಶೇ. 45.7, ಇನ್ನೊಂದರಲ್ಲಿ 47.8, ಮತ್ತೊಂದರಲ್ಲಿ 52.2 ಅಂತಿದೆ. ಒಂದರಲ್ಲಿ ಹಾನ್‌ಕೋಡ್ ಮುದ್ರೆಯೂ (ಆರೋಗ್ಯ ಸೈಟು ನಂಬಬಹುದು ಅಂತ ಕೊಡ್ತಿದ್ದ ಗುರುತು) ಇದೆ, ಅದನ್ನೇ ನಂಬಬಹುದಾ? ವೈದ್ಯಕೀಯ ಲೇಖನಗಳನ್ನು ಹುಡುಕೋ ತಾಣ ಪಬ್‌ಮೆಡ್‌ನಲ್ಲಿ ಹುಡುಕಿದರೆ ರಾಶಿ ಲೇಖನ ಬರುತ್ತವೆ, ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ. ಜಿಲ್ಲೆಯ ಅಂಕಿಯೂ ಬೇಕು.

ಅಂಕಿಅಂಶ_ಮೇಜು
ಮೂರೂ ಅಂಕಿ ಸರಿ, ಮೂರೂ ಒಂದೇ ಸಮೀಕ್ಷೆಯವು: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್-5 (2019-21). 45.7 ಕರ್ನಾಟಕದ ಗರ್ಭಿಣಿಯರದ್ದು. 47.8 ಕರ್ನಾಟಕದ 15ರಿಂದ 49 ವಯಸ್ಸಿನ ಎಲ್ಲಾ ಹೆಂಗಸರದ್ದು. 52.2 ಇಡೀ ಭಾರತದ ಗರ್ಭಿಣಿಯರದ್ದು. ಸೈಟಿನವರು 'ಯಾರಲ್ಲಿ' ಅನ್ನೋದನ್ನು ಬಿಟ್ಟು ಬರೀ ಶೇಕಡಾ ಎತ್ತಿಕೊಂಡಿದ್ದಾರೆ, ಗೊಂದಲ ಅಲ್ಲೇ ಹುಟ್ಟಿದ್ದು. ಹಾಗಾಗಿ ಸೈಟಿನಿಂದ ಉಲ್ಲೇಖಿಸಬೇಡಿ, ಸಮೀಕ್ಷೆಯ ರಾಜ್ಯ ವರದಿಯನ್ನೇ ಇಳಿಸಿಕೊಂಡು ಅಲ್ಲಿಂದ ಬರೆಯಿರಿ.

ಅಂಕಿಯ ಜತೆಗೆ ಮಾನದಂಡವನ್ನೂ ಬರೆಯಲೇಬೇಕು. ಈ ಸಮೀಕ್ಷೆಯಲ್ಲಿ ಗರ್ಭಿಣಿಗೆ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, ಉಳಿದ ಹೆಂಗಸರಿಗೆ 12. ಆದರೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎರಡನೇ ತ್ರೈಮಾಸಿಕಕ್ಕೆ 10.5 ಎಂದು ಬೇರೆ ಗೆರೆ ಹಾಕಿದೆ. ಹೊಸ ಲೇಖನದ ಅಂಕಿಯನ್ನು ಹಳೆಯದರ ಪಕ್ಕ ಇಟ್ಟು 'ಕಡಿಮೆಯಾಗಿದೆ' ಅಂದರೆ ತಪ್ಪಾಗಬಹುದು. ರಕ್ತ ಎಲ್ಲಿಂದ ತೆಗೆದರು ಅನ್ನೋದನ್ನೂ ನೋಡಿ. ಎನ್‌ಎಫ್‌ಎಚ್‌ಎಸ್‌ನವರು ಬೆರಳು ಚುಚ್ಚಿ ಹಿಮೋಕ್ಯೂ ಯಂತ್ರದಲ್ಲಿ ಅಳೆದದ್ದು. ರಕ್ತನಾಳದಿಂದ ತೆಗೆದು ಲ್ಯಾಬಿನಲ್ಲಿ ಅಳೆದ ಅಧ್ಯಯನದ ಜತೆ ಅದು ತಾಳೆಯಾಗಲೇಬೇಕೆಂದಿಲ್ಲ.

ಹಾನ್‌ಕೋಡ್ ಕೊಡುತ್ತಿದ್ದ ಸಂಸ್ಥೆ 2022ರ ಕೊನೆಗೇ ಆ ಕೆಲಸ ನಿಲ್ಲಿಸಿದೆ. ಈಗ ಆ ಮುದ್ರೆ ಕಂಡರೆ ಪುಟ ಹಳೆಯದು, ಯಾರೂ ಪರಿಶೀಲಿಸಿಲ್ಲ ಎಂದೇ ತಿಳಿಯಿರಿ. ವಿಳಾಸದ ಕೊನೆಯಲ್ಲಿ ಡಾಟ್ ಓಆರ್‌ಜಿ ಇದ್ದರೂ ಅಷ್ಟೇ, ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಜಿಒವಿ ಡಾಟ್ ಇನ್ ಹಾಗಲ್ಲ, ಅದು ಸರ್ಕಾರಕ್ಕೆ ಮಾತ್ರ.

ಗ್ರಂಥಾಲಯ_ಕೌಂಟರ್
ಪಬ್‌ಮೆಡ್ ಬಗ್ಗೆ ನಾನು ಹೇಳ್ತೀನಿ. ರಕ್ತಹೀನತೆ, ಗರ್ಭಾವಸ್ಥೆ, ಭಾರತ, ಈ ಮೂರಕ್ಕೂ ಇಂಗ್ಲಿಷ್ ಪದ ಕೊಟ್ಟು ನಡುವೆ ದೊಡ್ಡಕ್ಷರದಲ್ಲಿ ಆಂಡ್ ಹಾಕಿ. ಉದ್ಧರಣ ಚಿಹ್ನೆ ಬೇಡ. ಚಿಹ್ನೆ ಹಾಕಿದರೆ ಪಬ್‌ಮೆಡ್ ಸಮಾನಾರ್ಥಕಗಳನ್ನು ತಾನಾಗಿ ಸೇರಿಸೋದನ್ನು ನಿಲ್ಲಿಸುತ್ತೆ, ಬ್ರಿಟಿಷ್ ಕಾಗುಣಿತದ ಲೇಖನಗಳು ಜಾರಿಹೋಗುತ್ತವೆ. ಅಡ್ವಾನ್ಸ್ಡ್ ಪುಟದ ಹಿಸ್ಟರಿಯಲ್ಲಿ ಡೀಟೇಲ್ಸ್ ಬಾಣ ಒತ್ತಿದರೆ ನಿಮ್ಮ ಪದಗಳನ್ನು ಅದು ಹೇಗೆ ಅರ್ಥ ಮಾಡಿಕೊಂಡಿತು ಅನ್ನೋದು ಕಾಣುತ್ತೆ. ಅದನ್ನು ಹಾಗೇ ಕಾಪಿ ಮಾಡಿ, ತಾರೀಖಿನ ಸಮೇತ ಪ್ರಾಜೆಕ್ಟಿನ ವಿಧಾನ ಭಾಗಕ್ಕೆ ಹಾಕಿ. ಆಮೇಲೆ ಎಡಗಡೆ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ವಿಷಯದ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡೋ ಲೇಖನ) ಫಿಲ್ಟರ್ ಹಾಕಿ, ಮೊದಲು ಅವನ್ನೇ ಓದಿ.

ಬರೀ ಮೆಶ್ ಪದದಲ್ಲಿ (ಲೇಖನಗಳಿಗೆ ಅಂಟಿಸೋ ನಿಗದಿತ ವಿಷಯಪದ) ಹುಡುಕಬೇಡಿ. ಪಬ್‌ಮೆಡ್‌ನ ಒಳಗಿನ ಆಯ್ದ ಜರ್ನಲ್‌ಗಳ ಭಾಗವಾದ ಮೆಡ್‌ಲೈನ್‌ಗೆ ಸೇರದ ಜರ್ನಲ್‌ಗಳ ಲೇಖನಕ್ಕೆ ಮೆಶ್ ಇರೋದಿಲ್ಲ, ನಮ್ಮ ದೇಶದ ಎಷ್ಟೋ ಜರ್ನಲ್‌ಗಳು ಆ ಗುಂಪಿನಲ್ಲೇ ಇವೆ. ಪಬ್‌ಮೆಡ್‌ನಲ್ಲಿ ಸಿಕ್ಕ ಮಾತ್ರಕ್ಕೆ ಲೇಖನ ಗಟ್ಟಿ ಅಂತಲೂ ಅಲ್ಲ. ಐಎಸ್‌ಎಸ್‌ಎನ್ ಬರೀ ಜರ್ನಲ್‌ನ ಗುರುತಿನ ಸಂಖ್ಯೆ, ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ. 'ಮೂರು ದಿನದಲ್ಲಿ ಪ್ರಕಟಣೆ' ಅನ್ನೋ ಜರ್ನಲ್‌ನಲ್ಲಿ ವಿಮರ್ಶೆ ನಡೆದಿರೋಕೆ ಸಾಧ್ಯವಿಲ್ಲ, ಅದನ್ನು ದೂರವಿಡಿ. ಹಿಂಪಡೆದ ಲೇಖನಗಳಿಗೆ ರಿಟ್ರಾಕ್ಷನ್ ವಾಚ್ ಪಟ್ಟಿ ಉಚಿತ. ಸಲ್ಲಿಸೋ ಮುಂಚೆ ನಿಮ್ಮ ಉಲ್ಲೇಖಗಳನ್ನೆಲ್ಲ ಅಲ್ಲಿ ಒಮ್ಮೆ ಹಾಕಿ ನೋಡಿ.

ನರ್ಸಿಂಗ್_ಅಂತಿಮವರ್ಷ
ತುಂಬಾ ಉಪಕಾರ ಆಯ್ತು. ಅದೇ ಸಮೀಕ್ಷೆಯ ನಮ್ಮ ಜಿಲ್ಲೆಯ ಫ್ಯಾಕ್ಟ್‌ಶೀಟ್ ತೆಗೆದೆ. ಗರ್ಭಿಣಿಯರ ಸಾಲಿನಲ್ಲಿ ಅಂಕಿ ಕಂಸದೊಳಗಿದೆ, ಪಕ್ಕದ ಜಿಲ್ಲೆಯದ್ದರಲ್ಲಿ ಬರೀ ನಕ್ಷತ್ರ. ಅದರ ಬದಲು ಎಚ್‌ಎಂಐಎಸ್ ಅಂಕಿ ಹಾಕಬಹುದಾ?

ಅಂಕಿಅಂಶ_ಮೇಜು
ಕಂಸ ಅಂದರೆ ಅಲ್ಲಿ ಸಿಕ್ಕಿದ್ದು 25ರಿಂದ 49 ಜನ ಮಾತ್ರ. 25ಕ್ಕಿಂತ ಕಡಿಮೆ ಇದ್ದರೆ ಅಂಕಿ ಕೊಡದೆ ನಕ್ಷತ್ರ ಹಾಕುತ್ತಾರೆ. ಅಷ್ಟು ಕಡಿಮೆ ಜನರಲ್ಲಿ ನಾಲ್ಕೈದು ಮಂದಿ ಆಚೀಚೆಯಾದರೂ ಶೇಕಡಾ ಹತ್ತಿಪ್ಪತ್ತು ಏರಿಳಿಯುತ್ತದೆ. ಕಂಸ ತೆಗೆದು ಬರೆಯಬೇಡಿ, ಎರಡು ಜಿಲ್ಲೆಗಳನ್ನು ಅದರಿಂದ ಹೋಲಿಸಲೂ ಬೇಡಿ. ಎಚ್‌ಎಂಐಎಸ್ ಆರೋಗ್ಯ ಕೇಂದ್ರಗಳು ತಿಂಗಳುತಿಂಗಳು ಕಳಿಸುವ ವರದಿ. ಅಲ್ಲಿ ಪರೀಕ್ಷೆಯಾದವರ ಲೆಕ್ಕ ಇರುತ್ತೆ, ಜಿಲ್ಲೆಯ ಎಲ್ಲಾ ಗರ್ಭಿಣಿಯರದ್ದಲ್ಲ. ಹಾಕಬಹುದು, ಆದರೆ ಪ್ರತ್ಯೇಕ ಕೋಷ್ಟಕದಲ್ಲಿ, 'ಪರೀಕ್ಷಿಸಲ್ಪಟ್ಟವರಲ್ಲಿ' ಎಂಬ ಶೀರ್ಷಿಕೆಯಡಿ ಹಾಕಿ.